ಅವಿನಾಶಿಯಲ್ಲಿ ಒಂದು ಶನಿವಾರ

ಪ್ರವಾಸ ಎಂದ ಕೂಡಲೇ ನಮ್ಮ ಶಾಲೆಯ ಮಕ್ಕಳ ಬಾಯಲ್ಲಿ ಬರುವುದು ಒಂದೇ ಊರು - ಮೈಸೂರು! ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ಅಕ್ಕ ಹೋಗಿದ್ದಳು, ಅಣ್ಣ ಹೋಗಿದ್ದ, ಅಪ್ಪ ಚಿಕ್ಕವನಿದ್ದಾಗ ಹೋಗಿದ್ದ. ಅದೇ ದಾರಿ, ಅದೇ ಅರಮನೆ, ಅದೇ ಗುಂಪು ಫೋಟೋ. ಹೀಗಾಗಿ 2025ರ ಜನವರಿಯಲ್ಲಿ "ಈ ಸಲ ಬೆಟ್ಟ ಇಳಿದು ಅವಿನಾಶಿಗೆ ಹೋಗೋಣ" ಎಂದು ನಾವು ಹೇಳಿದಾಗ ತರಗತಿಯಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು ಕೇಳಿದ, "ಸಾ, ಅಲ್ಲಿ ಅರಮನೆ ಅದಾ?"

ಇಲ್ಲ ಎಂದೆವು. ಕೂತುಬಿಟ್ಟ.

ನಮ್ಮ ಶಾಲೆ ಇರುವುದು ತಾಳವಾಡಿ ಕಡೆಯ ಒಂದು ಹಳ್ಳಿಯಲ್ಲಿ. ಅಣ್ಣಾವ್ರು ಹುಟ್ಟಿದ ಗಾಜನೂರಿನ ಸೀಮೆ ಎಂದರೆ ದೂರದ ಓದುಗರಿಗೆ ಬೇಗ ಗುರುತಾದೀತು. ರಾಜ್ಯ ತಮಿಳುನಾಡು, ಜಿಲ್ಲೆ ಈರೋಡು, ಮನೆಮಾತು ಕನ್ನಡ. ಚಾಮರಾಜನಗರದ ಸಂತೆ ನಮಗೆ ಹತ್ತಿರ. ನಮ್ಮದೇ ಜಿಲ್ಲೆಯ ಬಯಲು ನೋಡಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಹಾಗಾಗಿ ನಮ್ಮ ಮಕ್ಕಳಿಗೆ ಕೆಳಗಿನ ಊರುಗಳೆಂದರೆ ಪರದೇಶವಿದ್ದಂತೆ. ಆಸ್ಪತ್ರೆಗೆ, ಕಚೇರಿಗೆ ಹೋಗಬೇಕಾದಾಗ ಮಾತ್ರ ದೊಡ್ಡವರ ಸೆರಗು ಹಿಡಿದು ಹೋಗುವ ಜಾಗ. 2006ರ ಕಾನೂನಿನ ನಂತರ ಒಂದನೇ ತರಗತಿಯಿಂದಲೇ ತಮಿಳು ಪಾಠ ಇರುವುದರಿಂದ ಓದಲು, ಬರೆಯಲು ಬರುತ್ತದೆ. ಬಾಯಿ ಬಿಟ್ಟು ಆಡಲು ಮಾತ್ರ ನಾಚಿಕೆ. ನಾವೇನೂ ಕಮ್ಮಿಯಿಲ್ಲ ಬಿಡಿ! ಕೆಳಗಿನ ಒಂದು ಕಚೇರಿಯಲ್ಲಿ ನಮ್ಮ ಶಾಲೆಯ ಕಡತ ನೋಡಿ "ಇಲ್ಲಿ ಯಾಕಯ್ಯಾ ಕನ್ನಡ?" ಎಂದು ಒಬ್ಬರು ಕೇಳಿದ್ದಕ್ಕೆ, ಉತ್ತರ ಬಾಯಿತುದಿಯಲ್ಲಿದ್ದರೂ ಆಡದೆ ಬಂದವರು ನಾವು. ಅಂದೇ ಅನ್ನಿಸಿತ್ತು, ಈ ಮಕ್ಕಳನ್ನು ಒಮ್ಮೆ ಕೆಳಗೆ ಕರೆದುಕೊಂಡು ಹೋಗಬೇಕು, ಕೆಲಸಕ್ಕಲ್ಲ, ನೋಡುವುದಕ್ಕೆ.

ಜನವರಿ 25, ಶನಿವಾರ. ಮೂವತ್ತೊಂದು ಮಕ್ಕಳು, ಮೂವರು ಶಿಕ್ಷಕರು, ಒಂದು ಬಾಡಿಗೆ ಬಸ್ಸು, ಎರಡು ದೊಡ್ಡ ಪಾತ್ರೆ ಪುಳಿಯೋಗರೆ. 2022ರಿಂದ ಹುಲಿ ಸಂರಕ್ಷಿತ ಪ್ರದೇಶದ ಆ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ನಮ್ಮ ದಿನದ ಎರಡು ತುದಿಗಳನ್ನೂ ಅರಣ್ಯ ಇಲಾಖೆಯ ಗೇಟೇ ನಿರ್ಧರಿಸಿತ್ತು. ಬೆಳಕು ಹರಿಯುವ ಹೊತ್ತಿಗೆ ಹಾಸನೂರು ದಾಟಬೇಕು, ಸಂಜೆ ಕತ್ತಲಾಗುವ ಮೊದಲು ಬಣ್ಣಾರಿಯಿಂದ ಮೇಲೆ ಹತ್ತಬೇಕು. ಐದು ಗಂಟೆಗೆ ಹೊರಟೆವು. ಹದಿನಾಲ್ಕನೇ ತಿರುವಿಗೆ ನಾಲ್ಕು ಜನ ವಾಂತಿ ಮಾಡಿಕೊಂಡರು. ಅದನ್ನು ವಿಸ್ತರಿಸುವುದು ಬೇಡ.

ಸತ್ಯಮಂಗಲ ಬಂದಾಗ ಬಸ್ಸಿನೊಳಗೇ ಪಾಠ ಶುರು ಮಾಡಿದೆವು. ಪಶ್ಚಿಮಕ್ಕೆ ಭವಾನಿಸಾಗರ ಅಣೆಕಟ್ಟು. 1955ರಲ್ಲಿ ಮುಗಿದ ಆ ಅಣೆಕಟ್ಟಿನ ನೀರಿನ ಅಡಿಯಲ್ಲಿ ದಣ್ಣಾಯಕನ ಕೋಟೆ ಎಂಬ ಕೋಟೆ ಇದೆ. ಹೆಸರು ಕೇಳಿದರೇ ಗೊತ್ತಾಗುತ್ತದಲ್ಲ, ಹೊಯ್ಸಳರ ಕಾಲದ ದಂಡನಾಯಕರದು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿ ಕಟ್ಟಿಸಿದ ಮಾಧವ ದಣ್ಣಾಯಕನ ಮನೆತನ ಈ ಕಡೆಯೂ ಆಳಿತ್ತು. ಬೇಸಿಗೆಯಲ್ಲಿ ಅಣೆಕಟ್ಟಿನ ನೀರು ತೀರ ಇಳಿದಾಗ ಒಳಗಿನ ಹಳೆಯ ಗುಡಿ ಮೇಲೇಳುತ್ತದೆ. "ಕೋಟೆ ನೀರಲ್ಲಿ ಮುಳುಗದಾ?" ಎಂದು ಎಲ್ಲರೂ ಕಿಟಕಿಗೆ ಮುಖ ಒತ್ತಿದರು. ಅಲ್ಲಿಂದ ಕಾಣುವುದು ಬಾಳೆ ತೋಟ ಮತ್ತು ಪೆಟ್ರೋಲ್ ಬಂಕು!

ಪಾಠ ನಡೆಯುತ್ತಿರುವಾಗ ಏಳನೇ ತರಗತಿಯ ಒಬ್ಬ ಹುಡುಗಿ ಮಾತ್ರ ಕೇಳುತ್ತಿರಲಿಲ್ಲ. ತರಗತಿಯಲ್ಲಿ ವಾರಕ್ಕೆ ಎರಡು ಮಾತಾಡಿದರೆ ಹೆಚ್ಚು, ಅಂಥ ಹುಡುಗಿ. ಅಂದು ಮಾತ್ರ ಮೂರು ಸಲ ಎದ್ದು ಬಂದು ಒಂದೇ ಪ್ರಶ್ನೆ ಕೇಳಿದಳು. "ಸಾ, ಪೂಂಡಿಲಿ ಎಷ್ಟೊತ್ತಿಗೆ ಇರ್ತೀವಿ? ಎಷ್ಟೊತ್ತು ನಿಲ್ತೀವಿ?" ಮೂರನೇ ಸಲ ನಾವು ಗದರಿದೆವು. "ಮೊದಲು ಅವಿನಾಶಿ ನೋಡಮ್ಮ, ಪೂಂಡಿ ಆಮೇಲೆ. ಹೋಗಿ ಕೂತ್ಕೊ."

ಪುಂಜೈ ಪುಳಿಯಂಪಟ್ಟಿಯಲ್ಲಿ ನಮ್ಮ ಮಾರ್ಗದರ್ಶಕರು ಬಸ್ಸು ಹತ್ತಿದರು. ಇವರ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲು ಗೊತ್ತುಮಾಡಿದ್ದ ಗೈಡ್ ಹಿಂದಿನ ರಾತ್ರಿ ಫೋನ್ ಮಾಡಿ ಬರಲಾಗುವುದಿಲ್ಲ ಎಂದರು. ಕೈಕಾಲು ಬಿಟ್ಟು ಕೂತಿದ್ದಾಗ ನಮ್ಮ ಸಹೋದ್ಯೋಗಿಯೊಬ್ಬರು ತಮ್ಮ ದೂರದ ನೆಂಟರನ್ನು ಒಪ್ಪಿಸಿದರು. ಎಪ್ಪತ್ತು ದಾಟಿದ ದೇವಾಂಗ ಹಿರಿಯರು, ಮಗ್ಗದಲ್ಲಿ ನಲವತ್ತು ವರ್ಷ ನೇಯ್ದವರು, ಈಗ ನೆಂಟರಿಷ್ಟರು ಬಂದರೆ ಗುಡಿಗಳನ್ನು ಸುತ್ತಿಸಿ ತೋರಿಸುವುದೇ ಅವರಿಗೆ ಸಂತೋಷ. ಕೊಯಮತ್ತೂರು, ತಿರುಪ್ಪೂರು, ಈರೋಡು ಸೀಮೆಯ ಉದ್ದಕ್ಕೂ ಹೀಗೆ ಮನೆಯಲ್ಲಿ ಕನ್ನಡ ಆಡುವ ದೇವಾಂಗರು ತುಂಬಾ ಜನ ಇದ್ದಾರೆ. ಚೌಡೇಶ್ವರಿ ಅವರ ಕುಲದೇವತೆ. ಹಬ್ಬದಲ್ಲಿ ಕತ್ತಿ ಹಿಡಿದು ಮಾಡುವ ಸೇವೆಗೆ ಇವತ್ತಿಗೂ "ಅಲಗು" ಎನ್ನುತ್ತಾರೆ. ಮಾತು ಇದೆ, ಅಕ್ಷರ ಇಲ್ಲ. ಶಾಲೆ ಕಲಿತದ್ದೆಲ್ಲ ತಮಿಳಿನಲ್ಲಿ.

ಅವಿನಾಶಿ ಗುಡಿಯ ಮುಂದೆ ಬಸ್ಸಿಳಿದ ಕೂಡಲೇ ತಾತ ಕೈ ಬೀಸಿ ಕರೆದರು. "ಬನ್ರಿ ಮಕ್ಳೇ, ಚೆರುಪ್ಪು ಎಲ್ಲಾ ಇಲ್ಲೇ ಬಿಟ್ಬಿಡ್ರಿ."

ಕಿಸಕ್ಕನೆ ನಗು! ಹೀಗಾಗುತ್ತದೆ ಎಂದು ನಮಗೆ ಭಯವಿತ್ತು. ಕಣ್ಣು ದೊಡ್ಡದು ಮಾಡಿದೆವು. ತಾತ ಬೇಸರಪಟ್ಟುಕೊಳ್ಳಲಿಲ್ಲ. "ಹಂಗಾದ್ರೆ ನಿಮ್ಮೂರಲ್ಲಿ ಏನಂತೀರಿ?" ಎಂದು ಕೇಳಿದರು. "ಚಪ್ಪಲಿ" ಎಂದರು ಎಲ್ಲರೂ. ಹಿಂದಿನಿಂದ ಒಬ್ಬ, ಅದೇ ಅರಮನೆ ಕೇಳಿದವನು, "ನಮ್ಮಜ್ಜಿ ಕೆರ ಅಂತಾಳೆ" ಎಂದ. ತಾತ ನಿಂತಲ್ಲೇ ನಿಂತುಬಿಟ್ಟರು. "ಕೆರ! ನಮ್ಮವ್ವ ಅಂತಿದ್ಲು ಕಣಪ್ಪ ಆ ಮಾತು. ಅವಳು ಓದ ಮೇಲೆ ನಾ ಕೇಳೇ ಇಲ್ಲ."

ನಾವು ಸಮಯ ಬಿಡುತ್ತೇವೆಯೇ! ಅಲ್ಲೇ, ಚಪ್ಪಲಿ ಬಿಡುವ ಜಾಗದಲ್ಲೇ, ಹತ್ತು ನಿಮಿಷದ ವ್ಯಾಕರಣ. ನಮ್ಮ ಕೆರ ಅವರ ಚೆರುಪ್ಪು, ನಮ್ಮ ಕಿವಿ ಅವರ ಚೆವಿ, ನಮ್ಮ ಹಾಲು ಪಾಲು, ಹೂವು ಪೂ. ಆಮೇಲೆ ಊರಿನ ಹಳೆಯ ಹೆಸರು. ತೇವಾರದ ಹಾಡುಗಳಲ್ಲಿ ಈ ಊರು ತಿರುಪ್ಪುಕ್ಕೊಳಿಯೂರು. ಶಿವನ ತಾಂಡವದ ಬೆಂಕಿ ತಾಳಲಾರದೆ ದೇವತೆಗಳು ಬಂದು ಹೊಕ್ಕು ಅಡಗಿದ ಊರು ಎಂದು ಕಥೆ. ತಮಿಳಿನ "ಪುಕ್ಕು" ಎಂದರೆ ನಮ್ಮ "ಹೊಕ್ಕು". "ಇನ್ನು ಅವಿನಾಶಿ ಅಂದರೆ?" ಎಂದು ಕೇಳಿದಾಗ ಐದನೇ ತರಗತಿಯವರೇ ಹೇಳಿದರು, ವಿನಾಶ ಇಲ್ಲದ್ದು. ಊರ ಹೆಸರೇ ತಮಗೆ ಅರ್ಥವಾಗುವಂಥದ್ದು ಎಂದು ತಿಳಿದ ಮೇಲೆ ಮಕ್ಕಳ ನಡಿಗೆಯೇ ಬದಲಾಯಿತು. ಇದು ನಮ್ಮ ಭ್ರಮೆಯೂ ಇರಬಹುದು, ಮೇಷ್ಟ್ರುಗಳಿಗೆ ಇಂಥ ಭ್ರಮೆ ಜಾಸ್ತಿ.

ಏಳು ಅಂತಸ್ತಿನ ಗೋಪುರ. ಕತ್ತೆತ್ತಿ ನೋಡಿದರೆ ಟೋಪಿ ಬೀಳುವಷ್ಟು ಎತ್ತರ. ಒಳಗೆ ಅವಿನಾಶಿಲಿಂಗೇಶ್ವರ, ಅಮ್ಮನವರು ಕರುಣಾಂಬಿಕೆ. ದಕ್ಷಿಣದ ಕಾಶಿ ಎಂದು ಈ ಕಡೆಯ ಜನ ಕರೆಯುತ್ತಾರೆ, ಒಳಗೆ ಕಾಶಿಯ ಹೆಸರಿನ ತೀರ್ಥದ ಬಾವಿಯೂ ಇದೆ. ಸ್ಥಳವೃಕ್ಷ ಪಾದರಿ. ಕಂಬಗಳ ಮೇಲೆ ವೀರಭದ್ರ, ಕಾಳಿ, ಕಾಲು ಮೇಲೆತ್ತಿ ಕುಣಿಯುವ ಶಿವ. ಶನಿವಾರವಾದ್ದರಿಂದ ಜನವೋ ಜನ. ತಾತ ಸಾಲು ಮುರಿಯಲು ಬಿಡದೆ, ಕಂಬದಿಂದ ಕಂಬಕ್ಕೆ ಮಕ್ಕಳನ್ನು ದಾಟಿಸುತ್ತಾ, ಒಂದೊಂದು ಕಡೆ ಒಂದೊಂದೇ ಮಾತು ಹೇಳುತ್ತಾ ನಡೆದರು. ನಾವಾಗಿದ್ದರೆ ಪ್ರತಿ ಕಂಬದ ಮುಂದೆ ಅರ್ಧ ಗಂಟೆ ಕೊರೆಯುತ್ತಿದ್ದೆವು.

ಅವರು ಹೆಚ್ಚು ಹೊತ್ತು ನಿಂತದ್ದು ಮೊಸಳೆಯ ಹತ್ತಿರ. ಬಾಯಿ ತೆರೆದ ಮೊಸಳೆ, ಬಾಯೊಳಗಿಂದ ಬರುತ್ತಿರುವ ಮಗು. ಅವಿನಾಶಿ ಎಂದರೆ ಈ ಕಥೆ. ಒಂದೇ ವಯಸ್ಸಿನ ಇಬ್ಬರು ಹುಡುಗರು ಕೆರೆಗೆ ಸ್ನಾನಕ್ಕೆ ಹೋಗುತ್ತಾರೆ. ಒಬ್ಬನನ್ನು ಮೊಸಳೆ ನುಂಗುತ್ತದೆ. ವರ್ಷಗಳಾದ ಮೇಲೆ ಸುಂದರಮೂರ್ತಿ ನಾಯನಾರರು ಈ ಬೀದಿಯಲ್ಲಿ ಬರುತ್ತಾರೆ. ಒಂದು ಮನೆಯಲ್ಲಿ ಉಪನಯನದ ವಾದ್ಯ, ಎದುರು ಮನೆಯಲ್ಲಿ ಅಳು. ಉಳಿದುಬಂದ ಹುಡುಗನಿಗೆ ಜನಿವಾರ ಹಾಕುತ್ತಿದ್ದಾರೆ, ಹೋದವನು ಇದ್ದಿದ್ದರೆ ಅವನಿಗೂ ಇವತ್ತೇ ಆಗುತ್ತಿತ್ತಲ್ಲ ಎಂದು ಎದುರು ಮನೆಯ ತಾಯಿ ಅಳುತ್ತಿದ್ದಾಳೆ. ಸುಂದರರು ಬತ್ತಿದ ಕೆರೆಯ ದಡದಲ್ಲಿ ನಿಂತು ಹಾಡುತ್ತಾರೆ. ಕೆರೆ ತುಂಬುತ್ತದೆ, ಮೊಸಳೆ ಬರುತ್ತದೆ, ಮಗುವನ್ನು ದಡಕ್ಕೆ ಬಿಡುತ್ತದೆ, ಅಷ್ಟೂ ವರ್ಷದ ಬೆಳವಣಿಗೆಯ ಸಮೇತ. ಪಂಗುನಿ ತಿಂಗಳ ಉತ್ಸವದಲ್ಲಿ ಇಂದಿಗೂ ಆ ಮಗು ಮರಳಿದ್ದನ್ನು ಊರಿನವರು ಆಚರಿಸುತ್ತಾರೆ.

ಸುಂದರಮೂರ್ತಿ ಎಂದರೆ ಯಾರು ಗೊತ್ತೇ ಎಂದು ಕೇಳಿದೆವು. ಗೊತ್ತಿಲ್ಲ. ನಂಬಿಯಣ್ಣ? ಅದೂ ಗೊತ್ತಿಲ್ಲ. ಹಂಪೆಯ ಹರಿಹರ ರಗಳೆ ಬರೆದದ್ದು ಇದೇ ನಂಬಿಯಣ್ಣನ ಮೇಲೆ, ಕನ್ನಡದವರಿಗೆ ಇವರು ಎಂಟುನೂರು ವರ್ಷದ ಪರಿಚಯ ಎಂದೆವು. ಮಕ್ಕಳ ಮುಖ ಹಾಗೇ ಇತ್ತು. ಕೊನೆಗೆ ನಂಜನಗೂಡಿನ ಗುಡಿಯ ಅರವತ್ತಮೂರು ಪುರಾತನರ ಸಾಲು ವಿಗ್ರಹ ನೆನಪಿಸಿದಾಗ ಅರ್ಧ ಬಸ್ಸು "ಓ... ಆ ಸಾಲು ಬೊಂಬೆ!" ಎಂದಿತು. ಹೌದು, ಆ ಸಾಲಿನಲ್ಲಿ ಒಬ್ಬರು ಇವರು. ನಂಜನಗೂಡಿನಲ್ಲಿ ಕೈ ಮುಗಿದವರನ್ನೇ ಇಲ್ಲಿ ಮತ್ತೆ ನೋಡುತ್ತಿದ್ದೀರಿ.

ಹೀಗೆಲ್ಲ ಹೇಳುವಾಗಲೂ ಆ ಹುಡುಗಿ ಕಂಬಕ್ಕೆ ಒರಗಿ ಹೊರಬಾಗಿಲ ಕಡೆ ನೋಡುತ್ತಿದ್ದಳು. ಗಮನವಿಲ್ಲ ಎಂದು ಮತ್ತೆ ಗದರಿದ್ದೂ ಆಯಿತು.

ಹೊರಗೆ ಬಂದರೆ ತೇರು. ತಮಿಳುನಾಡಿನ ದೊಡ್ಡ ತೇರುಗಳಲ್ಲಿ ಇದೂ ಒಂದು. ಹಳೆಯ ತೇರು ಬೆಂಕಿಗೆ ಹೋಗಿ ಮತ್ತೆ ಹೊಸದಾಗಿ ಮಾಡಿಸಿದ್ದು. ಚಿತ್ತಿರೈ ತಿಂಗಳಲ್ಲಿ ಎಳೆಯುತ್ತಾರೆ. ತೇರುಬೀದಿಯ ಮೂಲೆಯಲ್ಲಿ ನಿಂತು, ಇಷ್ಟು ದೊಡ್ಡದನ್ನು ಇಲ್ಲಿ ತಿರುಗಿಸುವುದು ಹೇಗೆ ಎಂಬ ಚರ್ಚೆ ಹುಡುಗರಲ್ಲಿ ಶುರುವಾಯಿತು. ಚಕ್ರದ ಕೆಳಗೆ ಮರದ ತುಂಡು ಕೊಟ್ಟು ದಿಕ್ಕು ತಿರುಗಿಸುವುದನ್ನು ತಾತ ಕೈಯಲ್ಲೇ ಅಭಿನಯಿಸಿ ತೋರಿಸಿದರು. ಬ್ರೇಕೂ ಅದೇ, ಸ್ಟೀರಿಂಗೂ ಅದೇ!

"ತಾತ, ರಾಜ ಎಲ್ಲಿದ್ದ?" ಅರಮನೆ ಹುಡುಗ ಇನ್ನೂ ಬಿಟ್ಟಿರಲಿಲ್ಲ.

"ರಾಜ ದೂರ ಇದ್ದ ಕಣಪ್ಪ. ಕಂದಾಯ ಮಾತ್ರ ಅತ್ರ ಇತ್ತು."

ನಾವು ಪೂರ್ತಿಮಾಡಿದೆವು. ನೇಪಾಳದ ಭಕ್ತಪುರದಲ್ಲಿ ಅರಮನೆ, ಅದರ ಮುಂದೆ ಚೌಕ, ಚೌಕದ ತುಂಬ ಗುಡಿಗಳು, ಎಲ್ಲ ಒಂದೇ ಕಡೆ. ಮೈಸೂರಲ್ಲೂ ಕೋಟೆಯೊಳಗೆ ಅರಮನೆಯ ಸುತ್ತ ಗುಡಿಗಳಿವೆ. ಕೊಂಗು ನಾಡಿನಲ್ಲಿ ಹಾಗಲ್ಲ. ಕೊಂಗು ಚೋಳರು, ಪಾಂಡ್ಯರು, ಹೊಯ್ಸಳರು, ವಿಜಯನಗರ, ಮಧುರೆ ನಾಯಕರು, ಆಮೇಲೆ ನಮ್ಮ ಮೈಸೂರಿನವರು, ಒಬ್ಬರಾದ ಮೇಲೊಬ್ಬರು ಬಂದುಹೋದರು. ಇಲ್ಲಿ ಊರಿನ ನಡುವೆ ನಿಂತದ್ದು ಗುಡಿ, ಅರಮನೆಯ ಚೌಕಕ್ಕೆ ಬದಲು ತೇರುಬೀದಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಸೀಮೆ ಕಂಪನಿಗೆ ಹೋಯಿತು, ಕೊಯಮತ್ತೂರು ಜಿಲ್ಲೆಯಾಯಿತು. 1956ರ ನವೆಂಬರ್ 1ರವರೆಗೆ ನಮ್ಮ ಪಕ್ಕದ ಕೊಳ್ಳೇಗಾಲವೂ ಇದೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಉಳಿದೆವು. 1979ರಲ್ಲಿ ನಾವು ಈರೋಡು ಜಿಲ್ಲೆಗೆ ಸೇರಿದೆವು, 2009ರಲ್ಲಿ ಅವಿನಾಶಿ ತಿರುಪ್ಪೂರು ಜಿಲ್ಲೆಗೆ ಹೋಯಿತು. ನಮ್ಮ ಅಜ್ಜಂದಿರ ಕಾಲದಲ್ಲಿ ತಾಳವಾಡಿಯೂ ಅವಿನಾಶಿಯೂ ಕೊಳ್ಳೇಗಾಲವೂ ಒಬ್ಬನೇ ಕಲೆಕ್ಟರನಿಗೆ ಅರ್ಜಿ ಬರೆಯುತ್ತಿದ್ದವು. "ಇಲ್ಲಿ ಯಾಕೆ ಕನ್ನಡ" ಎಂದವರಿಗೆ ಅಂದು ನಾವು ಹೇಳಬೇಕಿದ್ದ ಉತ್ತರ ಇದು. ತೇರಿನ ಮುಂದೆ, ಮೂವತ್ತೊಂದು ಮಕ್ಕಳಿಗೆ ಹೇಳಿದೆವು.

ಮಧ್ಯಾಹ್ನ ಗುಡಿಗಳು ಬಾಗಿಲು ಹಾಕುತ್ತವೆ. ಮರದ ನೆರಳಲ್ಲಿ ಪುಳಿಯೋಗರೆ ಮುಗಿಸಿ ತಿರುಪ್ಪೂರು ರಸ್ತೆಯಲ್ಲಿ ಐದಾರು ಕಿಲೋಮೀಟರ್ ದೂರದ ತಿರುಮುರುಗನ್‌ಪೂಂಡಿಗೆ ಹೋದೆವು. ಚೇರಮಾನ್ ಪೆರುಮಾಳ್ ಕೊಟ್ಟ ಹೊನ್ನು ಹೊತ್ತು ಬರುತ್ತಿದ್ದ ಇದೇ ಸುಂದರರನ್ನು ಶಿವನ ಗಣಗಳು ಬೇಡರ ವೇಷದಲ್ಲಿ ದೋಚಿದ್ದು ಇಲ್ಲಿ. ಸುಂದರರು ದೇವರನ್ನೇ ತರಾಟೆಗೆ ತೆಗೆದುಕೊಂಡು ಹಾಡಿದ ಮೇಲೆ ಹೊನ್ನು ವಾಪಸ್ಸು ಬಂತು! ಗುಡಿ ತೆರೆಯುವುದರೊಳಗೆ ರಸ್ತೆ ಪಕ್ಕದ ಶಿಲ್ಪಿಗಳ ಕೊಟ್ಟಿಗೆಗಳಿಗೆ ನುಗ್ಗಿದೆವು. ಈ ಊರು ಕಲ್ಲಿನ ವಿಗ್ರಹಕ್ಕೆ ಹೆಸರುವಾಸಿ. ಕಲ್ಲುಪುಡಿಯಲ್ಲಿ ಮುಳುಗಿದ ಒಬ್ಬ ಶಿಲ್ಪಿ ಕಲ್ಲಿನ ಮೇಲೆ ಕೆಂಪು ಗೆರೆ ಎಳೆದು, ಗೆರೆಯ ಹೊರಗಿನದನ್ನು ಉಳಿಯಲ್ಲಿ ಬಿಡಿಸುತ್ತಾ ಕೂತಿದ್ದರು. ಎರಡು ಕಲ್ಲಿಗೆ ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿಸಿದರು. ಗಂಟೆಯಂತೆ ಮೊಳಗಿದ್ದು ಗಂಡು ಕಲ್ಲಂತೆ. ಮಕ್ಕಳೆಲ್ಲ ಒಂದೊಂದು ಕಲ್ಲು ಎತ್ತಿಕೊಂಡು ಕುಟ್ಟತೊಡಗಿದಾಗ ಅವರು ಬೈಯಲಿಲ್ಲ ಎಂಬುದೇ ದೊಡ್ಡದು. ಶಿಲ್ಪಿಯ ಜೊತೆ ತಮಿಳಿನಲ್ಲಿ ಮಾತಾಡುವವರು ಯಾರು ಎಂದು ನಾವು ಕೇಳಿದಾಗ ಎಲ್ಲರೂ ಒಬ್ಬರ ಹಿಂದೊಬ್ಬರು ಸರಿದರು. ಮುಂದೆ ಬಂದವಳು ಆ ಮೌನದ ಹುಡುಗಿ. ಸಲೀಸಾದ ತಮಿಳು! ಒಂದು ವಿಗ್ರಹಕ್ಕೆ ಎಷ್ಟು ದಿನ, ಕಣ್ಣು ಯಾವಾಗ ಬಿಡಿಸುತ್ತೀರಿ, ಕೈ ಮುರಿದರೆ ಏನು ಮಾಡುತ್ತೀರಿ... ಆರು ವರ್ಷದಲ್ಲಿ ನಾವು ಕೇಳದಷ್ಟು ಮಾತು ಅವಳಿಂದ ಆ ಹತ್ತು ನಿಮಿಷದಲ್ಲಿ ಕೇಳಿದೆವು.

ಎಲ್ಲಿ ಕಲಿತೆ ಎಂದು ಕೇಳುವುದರೊಳಗೆ ರಸ್ತೆಯ ಆ ಬದಿಯಿಂದ ಒಬ್ಬಾಕೆ ಓಡಿಬಂದರು. ಬನಿಯನ್ ಕಂಪನಿಯ ಗುರುತಿನ ಚೀಟಿ ಕೊರಳಲ್ಲೇ ಇತ್ತು, ಕೂದಲ ಮೇಲೆ ಹತ್ತಿಯ ಎಳೆ. ಹುಡುಗಿ ಹೋಗಿ ತಬ್ಬಿಕೊಂಡಳು.

ತಾಯಿ. ಎರಡು ವರ್ಷದಿಂದ ತಿರುಪ್ಪೂರಿನಲ್ಲಿ ಹೊಲಿಗೆಯ ಕೆಲಸ. ಮಗಳು ಊರಲ್ಲಿ ಅಜ್ಜಿಯ ಜೊತೆ. ರಜೆಯಲ್ಲಿ ತಾಯಿಯ ಹತ್ತಿರ ಬಂದು ಇರುತ್ತಿದ್ದಳಂತೆ, ತಮಿಳು ಅಲ್ಲಿಂದ. ದಸರಾ ಆದ ಮೇಲೆ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಶನಿವಾರ ವಾರದ ಸಂಬಳದ ದಿನ, ರಜೆ ಕೇಳುವ ಹಾಗಿಲ್ಲ. ಊಟದ ಬಿಡುವಿನಲ್ಲಿ ಬಸ್ಸು ಹಿಡಿದು ಬಂದಿದ್ದರು. ನಾವು ಪೂಂಡಿಗೆ ಬರುವ ಹೊತ್ತು ಹೆಚ್ಚೂಕಮ್ಮಿಯಾಗಿದ್ದರೆ ಸಿಗುತ್ತಿರಲಿಲ್ಲ. ಬೆಳಿಗ್ಗೆ ಮೂರು ಸಲ ಕೇಳಿದ್ದು ಅದಕ್ಕೆ. ಇಷ್ಟು ವಿಷಯ ನಮಗೆ ಗೊತ್ತಿರಬೇಕಿತ್ತು. ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿನ ಮುಂದೆ ಊರು ಬರೆದುಕೊಂಡಿದ್ದೆವು, ತಾಯಿ ಎಲ್ಲಿದ್ದಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಮೊಸಳೆಯ ಕಥೆಗೆ ಗಮನ ಕೊಡಲಿಲ್ಲ ಎಂದು ಗದರಿದವರಿಗೆ ಎಲ್ಲಿ ಮುಖ ಇಡುವುದು ಎಂದು ತಿಳಿಯಲಿಲ್ಲ.

ಆಕೆ ಒಂದು ಪೊಟ್ಟಣ ಮಗಳ ಕೈಗೆ ಕೊಟ್ಟು, ನಮ್ಮ ಕಡೆ ತಿರುಗಿದರು. "ಸಾ, ಜೂನ್‌ಗೆ ಇಲ್ಲೇ ಸೇರಿಸ್ಕೊಳ್ತೀನಿ ಅಂತಿದೀನಿ. ಅವ್ವಂಗೆ ವಯಸ್ಸಾಯ್ತು."

ನಮ್ಮ ಬಾಯಿಂದ ಮೊದಲು ಬಂದದ್ದು ಲೆಕ್ಕ. ಏಳನೇ ತರಗತಿಯಲ್ಲಿ ಇರುವುದೇ ಎಂಟು ಮಕ್ಕಳು. ಎಂಟನೆಯದನ್ನು ನಮ್ಮಲ್ಲೇ ಮುಗಿಸಲಿ, ಆಮೇಲೆ ತಾಳವಾಡಿಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಬಹುದು, ಮಧ್ಯದಲ್ಲಿ ಮಾಧ್ಯಮ ಬದಲಾದರೆ ಮಗುವಿಗೆ ಕಷ್ಟ ಎಂದೆಲ್ಲ ಹೇಳಿದೆವು. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆಕೆ ಪೂರ್ತಿ ಕೇಳಿಸಿಕೊಂಡು, "ಕಷ್ಟ ಆಯ್ತದೆ, ಗೊತ್ತು ಸಾ. ರಾತ್ರಿ ಅವಳು ಅಲ್ಲಿ, ನಾನಿಲ್ಲಿ. ಅದ್ಕೇನ್ ಮಾಡನ?" ಎಂದರು. ವಾದಕ್ಕಾಗಿ ಕೇಳಿದ್ದಲ್ಲ.

ತಾತನ ಕಡೆ ನೋಡಿದೆವು. ಅಕ್ಷರ ಬಿಟ್ಟ ಮನೆತನದವರು, ಅವರಾದರೂ ನಮ್ಮ ಪರ ಒಂದು ಮಾತು ಆಡಿಯಾರು ಎಂಬ ಆಸೆ. ದಾರಿಯಲ್ಲಿ ಅವರೇ ಹೇಳಿಕೊಂಡಿದ್ದರು, ಮಗ್ಗದ ಹಾಡು, ಅಮ್ಮನ ಹಾಡು ಎಲ್ಲ ಕನ್ನಡ, ಬರೆದಿಟ್ಟಿರುವುದು ತಮಿಳಕ್ಷರದಲ್ಲಿ. ಮೊಮ್ಮಕ್ಕಳಿಗೆ ಈಗ ಹಾಡೂ ಬೇಡ, ಮಾತೂ ಬೇಡ ಎಂದು. ಆದರೆ ಅವರು ಹೇಳಿದ್ದು, "ಕರ್ಕೊಂಡ್ಬಾರಮ್ಮಾ, ಮಗು ತಾಯಿ ಅತ್ರ ಇರ್ಲಿ." ಆಮೇಲೆ ಹುಡುಗಿಯ ಹತ್ತಿರ ಕೂತು, ಜೇಬಿನಿಂದ ಒಂದು ಚೀಟಿ ತೆಗೆದು, "ಇದ್ರಲ್ಲಿ ಚೌಡೇಶ್ವರಿ ಅಂತ ಕನ್ನಡದಲ್ಲಿ ಬರ್ಕೊಡವ್ವಾ" ಎಂದರು. ಅವಳು ಮೊಣಕಾಲ ಮೇಲಿಟ್ಟುಕೊಂಡು ದುಂಡಗೆ ಬರೆದಳು. ತಾತ ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಯಾವ ಕಡೆ ಮೇಲೆ ಎಂದು ಕೇಳಿದರು.

ತಾಯಿ ಇದ್ದದ್ದು ಇಪ್ಪತ್ತು ನಿಮಿಷ. ಗುಡಿಯ ಬಾಗಿಲು ತೆರೆಯುವಷ್ಟು ಹೊತ್ತು ನಾವು ಕಾಯಲಾಗಲಿಲ್ಲ. ಬಣ್ಣಾರಿಯ ಗೇಟು ನಮಗಾಗಿ ಕಾಯುವುದಿಲ್ಲವಲ್ಲ. ಪೂಂಡಿಯ ಮುರುಗನಾಥಸ್ವಾಮಿಯನ್ನು ಹೊರಗಿನಿಂದಲೇ ನೋಡಿ ಮೂರೂವರೆಗೆ ಹೊರಟೆವು. ದಾರಿಯಲ್ಲಿ ಸೇವೂರಿನ ಗುಡಿ ನೋಡುವುದೂ ಯೋಜನೆಯಲ್ಲಿತ್ತು, ಅದೂ ಬಿಟ್ಟುಹೋಯಿತು. ಪುಳಿಯಂಪಟ್ಟಿಯಲ್ಲಿ ತಾತ ಇಳಿದರು. ದುಡ್ಡು ಮುಟ್ಟಲಿಲ್ಲ. ಒಂದು "ಅ ಆ ಇ ಈ" ಇರುವ ದೊಡ್ಡ ಕಾಗದ ಸಿಕ್ಕರೆ ಕಳಿಸಿ ಎಂದರು. ಪೊಟ್ಟಣದಲ್ಲಿದ್ದ ತೇನ್ ಮಿಠಾಯಿಯನ್ನು ಹುಡುಗಿ ಬಸ್ಸಿಗೆಲ್ಲ ಹಂಚಿದಳು. ಮೇಲೆ ಹತ್ತುವಾಗ ಯಾರೂ ವಾಂತಿ ಮಾಡಲಿಲ್ಲ, ಅದೊಂದು ಆಶ್ಚರ್ಯ!

ಜೂನ್‌ನಲ್ಲಿ ತಾಯಿ ಬಂದು ಟಿ.ಸಿ. ತೆಗೆದುಕೊಂಡು ಹೋದರು. ಎಂಟನೇ ತರಗತಿಯಲ್ಲಿ ಈಗ ಏಳು ಮಕ್ಕಳು. ಏಳನೆಯ ತರಗತಿಯ ಕನ್ನಡ ಪುಸ್ತಕವನ್ನು ವಾಪಸ್ಸು ಕೊಡಬೇಕಾಗಿಲ್ಲ, ಇಟ್ಟುಕೊ ಎಂದು ಹುಡುಗಿಗೆ ಹೇಳಿದೆವು. ಹಾಜರಿ ಪುಸ್ತಕಕ್ಕೆ ನಾವೇ ಗೆರೆ ಎಳೆದು ಹೊಸದೊಂದು ಕಾಲಂ ಮಾಡಿದ್ದೇವೆ - ತಾಯಿ ಇರುವ ಊರು, ಫೋನ್ ನಂಬರ್. ತುಂಬಿಸುತ್ತಾ ಹೋದರೆ ಇನ್ನೂ ನಾಲ್ಕು ಕಡೆ ತಿರುಪ್ಪೂರು ಎಂದು ಬಂತು.

ಅಕ್ಷರದ ಚಾರ್ಟನ್ನು ಸುರುಳಿ ಸುತ್ತಿ ಸತ್ಯಮಂಗಲದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೆವು. ತಲುಪಿದೆ ಎಂದು ತಾತ ಫೋನ್ ಮಾಡಿದ್ದರು. ಗೋಡೆಗೆ ಅಂಟಿಸಿದ್ದಾರಂತೆ. ಹುಡುಗಿ ತಾಯಿಯ ಜೊತೆ ಒಂದು ಭಾನುವಾರ ಅವರ ಮನೆಗೆ ಹೋಗಿ "ಳ" ತನಕ ಓದಿಸಿ ಬಂದಳಂತೆ. ಆಮೇಲೆ ಬಂದಿಲ್ಲ, ಭಾನುವಾರವೂ ತಾಯಿಗೆ ಓವರ್‌ಟೈಮ್ ಇರುತ್ತದೆ ಎಂದರು. "ಕ"ಗೂ "ತ"ಗೂ ತಮಗೆ ಇನ್ನೂ ಗೊಂದಲ, ಅದನ್ನು ಫೋನಿನಲ್ಲಿ ಹೇಳಿಕೊಡಲು ಆಗುತ್ತದಾ ಎಂದು ಕೇಳಿದರು. ಶನಿವಾರ ಸಂಜೆ ಫೋನ್ ಮಾಡುತ್ತೇವೆ ಎಂದಿದ್ದೇವೆ.